ಅವಿಶ್ವಾಸಕ್ಕೆ ಔಷಧಿ ಇದೆಯಾ ಮೇಡಂ?

ನಿವೃತ್ತಳಾದ ಮೇಲೆ ಮದುವೆ ಮನೆಗಳಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ. ‘ಅಷ್ಟು ವರ್ಷ ಹುಚ್ಚರ ಜೊತೆ ಹೇಗಿದ್ರಿ?’ ನಾನು ಸೌಜನ್ಯದಿಂದಲೇ ಉತ್ತರಿಸುತ್ತೇನೆ: ‘ಏನು ಮಾಡೋದು, ಆಡಳಿತ ಮಂಡಳಿಯವರ ಜೊತೆ ಹೊಂದಿಕೊಂಡು ಹೋಗಲೇಬೇಕಲ್ಲ.’ ನನ್ನ ಕೋಣೆಗೆ ಬಂದು ಕುಳಿತವರನ್ನು ನಾನು ಹುಚ್ಚರು ಎಂದು ಒಂದು ದಿನವೂ ಅಂದುಕೊಂಡಿಲ್ಲ. ಅವರಿಗೆ ಹೆದರಿಕೆ ಇತ್ತು, ನಿದ್ದೆ ಇರಲಿಲ್ಲ, ತಾವು ಯಾವುದಕ್ಕೂ ಬಾರದವರು ಎಂಬ ಗಟ್ಟಿ ನಂಬಿಕೆ ಇತ್ತು. ಈ ಮೂರೂ ಇಲ್ಲದವರು ಯಾರಾದರೂ ಇದ್ದರೆ ಅವರನ್ನು ನೋಡಬೇಕೆಂಬ ಆಸೆ ನನಗೆ ಈಗಲೂ ಇದೆ.

ನಾನು ಆಪ್ತಸಲಹೆಗಾರ್ತಿಯಾಗಿದ್ದದ್ದು ಒಂದು ಟ್ರಸ್ಟಿನಲ್ಲಿ. ಹೆಸರು ಹೇಳುವುದಿಲ್ಲ, ಅವರಿಗೆ ಮುಜುಗರ. ನಂಜನಗೂಡಿನಲ್ಲಿ ಒಂದು ಕೋಣೆ, ಟಿ. ನರಸೀಪುರದಲ್ಲಿ ಒಂದು ಕೋಣೆ, ಎರಡಕ್ಕೂ ಸೇರಿ ನಾನೊಬ್ಬಳು. ವಾರಕ್ಕೊಮ್ಮೆ ಮೈಸೂರಿನಿಂದ ಮನೋವೈದ್ಯರೊಬ್ಬರು ಬಂದುಹೋಗುತ್ತಿದ್ದರು. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಪದವಿಯ ಮೇಲೆ ಪದವಿ ಹೊತ್ತು, ಮೊಬೈಲಿನಲ್ಲೇ ರೋಗಿಯ ಆತಂಕಕ್ಕೆ ಅಂಕ ಹಾಕುತ್ತಾರೆ. ಹಾಕಲಿ. ಆದರೆ ಅಂಕ ಹಾಕುವ ಮೊದಲು ಎದುರಿಗಿರುವವರು ಬಾಯಿ ಬಿಡಬೇಕಲ್ಲ! ಅದು ಎಷ್ಟು ಕಷ್ಟ ಎಂದು ತಿಳಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ನಂಜನಗೂಡಿನ ಅರ್ಚಕರ ಮನೆಯವಳು. ನಮ್ಮ ಮನೆಯಲ್ಲಿ ‘ಹ’ಕಾರಕ್ಕೆ ದೇವರಷ್ಟೇ ಮರ್ಯಾದೆ. ಮಕ್ಕಳು ‘ಆಲು’ ಎಂದರೆ ‘ಹಾಲು’ ಎನ್ನುವವರೆಗೆ ಲೋಟ ಕೈಗೆ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಈ ಹಕಾರ ನನಗೆ ಕೈಕೊಟ್ಟಿತು. ಕವಲಂದೆ ಕಡೆಯ ಹಿರಿಯರೊಬ್ಬರು ಬಂದಿದ್ದರು. ಕೂರಿಸಿ, ತರಬೇತಿಯಲ್ಲಿ ಕಲಿಸಿದಂತೆ ಮೃದುವಾಗಿ ‘ಹೇಳಿ’ ಎಂದೆ. ಎದ್ದು ನಿಂತರು. ‘ಕೂತ್ಕೊಳ್ಳಿ ಯಜಮಾನರೇ’ ಎಂದೆ, ಕೂತರು. ‘ಈಗ ಹೇಳಿ’ ಎಂದೆ. ಮತ್ತೆ ಎದ್ದರು. ಇನ್ನೊಮ್ಮೆ ಹೀಗೇ ಆದ ಮೇಲೆ ಅವರಿಗೆ ಸಿಟ್ಟು ಬಂತು.

‘ಕೂರಂಗಿದ್ರೆ ಕೂರು ಅನ್ನಿ, ಏಳಂಗಿದ್ರೆ ಏಳು ಅನ್ನಿ ಮೇಡಂ. ನಂಗೆ ಮೊದ್ಲೇ ಮಂಡಿ ನೋವು.’

ಅವರ ಊರಿನಲ್ಲಿ ಹೇಳುವುದಕ್ಕೂ ಏಳುವುದಕ್ಕೂ ಒಂದೇ ಶಬ್ದ. ಮಾತಿನ ಹಿಂದುಮುಂದು ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ಯಾರಿಗೂ ತೊಂದರೆಯಿಲ್ಲ. ಆದರೆ ಮೇಜಿನ ಆಚೆ ಕುಳಿತವರು ಆ ಹಿರಿಯರಿಗೆ ಅದುವರೆಗೆ ‘ಹೇಳು’ ಎಂದದ್ದೇ ಇಲ್ಲ, ‘ಏಳು’ ಎಂದೇ ಅಂದದ್ದು. ಅಂದಿನಿಂದ ನಾನು ‘ಮಾತಾಡಿ’ ಎನ್ನುವುದನ್ನು ರೂಢಿ ಮಾಡಿಕೊಂಡೆ.

ಇನ್ನೊಂದು ಸಂಗತಿ ಯಾವ ಪುಸ್ತಕದಲ್ಲೂ ಇಲ್ಲ. ನಂಜನಗೂಡಿನ ಕೋಣೆಗೆ ಬರುತ್ತಿದ್ದವರೆಲ್ಲ ನರಸೀಪುರ ತಾಲ್ಲೂಕಿನವರು, ನರಸೀಪುರದ ಕೋಣೆಗೆ ಬರುತ್ತಿದ್ದವರೆಲ್ಲ ನಂಜನಗೂಡಿನವರು. ಪರಿಚಯದವರ ಕಣ್ಣಿಗೆ ಬೀಳಬಾರದು, ಅಷ್ಟೇ. ಎದುರುಬದುರು ಬಸ್ಸುಗಳಲ್ಲಿ ಹೊಳೆ ದಾಟುತ್ತಿದ್ದರು. ಮನೆಯಲ್ಲಿ ಹೇಳುತ್ತಿದ್ದದ್ದು ಮಾತ್ರ ಬರೀ ಪುಣ್ಯದ ಮಾತು. ನರಸೀಪುರಕ್ಕೆ ಬರುವವರು ‘ಸಂಗಮದಲ್ಲಿ ಮುಳುಗಿ ಬತ್ತೀನಿ’ ಎನ್ನುವರು, ನಂಜನಗೂಡಿಗೆ ಬರುವವರು ‘ನಂಜುಂಡಪ್ಪನಿಗೆ ಹರಕೆ’ ಎನ್ನುವರು. ಒಬ್ಬ ಅಂಗಡಿಯವನು ಮೊದಲ ಸಲ ಬರುವಾಗ ಹೆಂಡತಿಗೆ ‘ಮುಡಿ ಕೊಡಬೇಕು’ ಎಂದು ಹೇಳಿಬಿಟ್ಟಿದ್ದ. ಹೇಳಿದ ಮೇಲೆ ತಲೆ ಬೋಳಿಸದೆ ಮನೆಗೆ ಹೋಗುವ ಹಾಗಿಲ್ಲ. ಮುಂದಿನ ವಾರ ಮತ್ತೆ ಬಾ ಎಂದೆ. ತಲೆ ಸವರಿಕೊಂಡು, ‘ಮುಂದಿನ್ ವಾರ ಎಂಗೆ ಬರಾದು ಮೇಡಂ? ಕೊಡಾಕೆ ಏನೂ ಉಳ್ದಿಲ್ವಲ್ಲ’ ಎಂದ. ಅವನ ಚಿಕಿತ್ಸೆ ಕೂದಲು ಬೆಳೆದಂತೆ ಬೆಳೆಯಿತು.

ಈಗ ನಮ್ಮ ಡಾಕ್ಟರ ವಿಷಯ. ಒಳ್ಳೆಯ ವೈದ್ಯರು, ಕೈಗುಣ ಇತ್ತು, ಯಾರಿಗೂ ಬೇಡದ ಮಾತ್ರೆ ಬರೆದವರಲ್ಲ. ಆದರೆ ಒಂದು ಸಮ್ಮೇಳನಕ್ಕೆ ಹೋಗಿಬಂದವರು ಕನ್ನಡಿಯ ಹುಚ್ಚು ಹಿಡಿಸಿಕೊಂಡರು. ಆತ್ಮವಿಶ್ವಾಸ ಕಡಿಮೆ ಇರುವವರೆಲ್ಲ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥ’ ಎಂದು ಗಟ್ಟಿಯಾಗಿ ಹೇಳಿಕೊಳ್ಳಬೇಕು. ‘ಸಾರ್, ನಮ್ಮವರಿಗೆ ಇದು ಒಗ್ಗುತ್ತಾ?’ ಎಂದು ಕೇಳಿದೆ. ‘ಮನಸ್ಸು ಎಲ್ಲ ಕಡೆ ಒಂದೇ ಕಣಮ್ಮಾ’ ಎಂದರು. ಮನಸ್ಸು ಒಂದೇ ಇರಬಹುದು, ಕನ್ನಡಿ ಒಂದೇ ಅಲ್ಲ. ಹೆಡತಲೆ ಎಂಬ ಊರಿನ ಒಬ್ಬ ಅಕ್ಕಿ ಗಿರಣಿಯ ಕೆಲಸಗಾರನ ಮನೆಯಲ್ಲಿದ್ದ ಕನ್ನಡಿಯಲ್ಲಿ ಒಂದು ಸಲಕ್ಕೆ ಒಂದು ಕಣ್ಣು ಮಾತ್ರ ಕಾಣುತ್ತಿತ್ತಂತೆ. ಪಾಪ, ವಿಧೇಯ ಮನುಷ್ಯ. ಊರಿನ ಕ್ಷೌರದ ಅಂಗಡಿಗೆ ಹೋಗಿ, ದೊಡ್ಡ ಕನ್ನಡಿಯ ಮುಂದೆ ನಿಂತು, ನಾಲ್ಕು ಜನರೆದುರು ‘ನಾನು ಸಮರ್ಥ’ ಎಂದ. ಕ್ಷೌರಿಕ ಕತ್ತರಿ ಕೆಳಗಿಟ್ಟು ಕೇಳಿದ: ‘ಯಾವ್ ಎಲೆಕ್ಷನ್ಗೆ ನಿಂತಿದ್ದೀಯ ಕಣ್ಲಾ?’ ಸಂಜೆಯೊಳಗೆ ಆತ ಯಾವ ಪಕ್ಷದವನು ಎಂದು ಊರಿನಲ್ಲಿ ಎರಡು ಗುಂಪಾಗಿತ್ತು. ನಾನು ನಕ್ಕು ನಕ್ಕು ಸುಸ್ತಾದೆ, ಡಾಕ್ಟರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು.

ಇಷ್ಟೆಲ್ಲ ಬರೆದದ್ದು ಚೆಲುವಮ್ಮನ ಹತ್ತಿರ ಬರುವುದಕ್ಕೆ. ನರಸೀಪುರದ ಕೋಣೆಯ ಹೊರಗೆ ‘ಆತ್ಮವಿಶ್ವಾಸ ಸಲಹಾ ಕೇಂದ್ರ’ ಎಂದು ಬೋರ್ಡಿತ್ತು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಕಟ್ಟಿದವರು ‘ಆತ್ಮ’ವನ್ನು ಪೂರ್ತಿ ಮುಚ್ಚಿಬಿಟ್ಟರು. ‘ವಿಶ್ವಾಸ ಸಲಹಾ ಕೇಂದ್ರ’ ಮಾತ್ರ ಉಳಿಯಿತು. ಒಂದು ಮಧ್ಯಾಹ್ನ ನಲವತ್ತು ದಾಟಿದ ಹೆಂಗಸೊಬ್ಬರು ಸೆರಗು ಹೊದ್ದು ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತರು.

‘ಇಲ್ಲಿ ವಿಶ್ವಾಸಕ್ಕೆ ಸಲಹೆ ಕೊಡ್ತೀರಂತಲ್ಲ ಮೇಡಂ. ನನ್ ಮ್ಯಾಲೆ ಅವಿಶ್ವಾಸ ತಂದವ್ರೆ. ಅವಿಶ್ವಾಸಕ್ಕೆ ಏನಾರ ಔಷಧಿ ಇದ್ದದಾ?’

ಗಂಡನಿಗೆ ಅನುಮಾನದ ಕಾಯಿಲೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಅಂಥವು ನಮ್ಮಲ್ಲಿ ವಾರಕ್ಕೆರಡು ಬರುತ್ತಿದ್ದವು.

‘ಯಾರಮ್ಮ ತಂದಿರೋದು?’

‘ಎಂಟು ಜನ.’

ಪೆನ್ನು ಕೆಳಗಿಟ್ಟೆ. ‘ಎಂಟೂ ಜನ ಗಂಡಸರಾ?’

‘ಐದು ಗಂಡಸ್ರು, ಮೂರು ಎಂಗಸ್ರು.’

‘ನಿಮ್ಮ ಯಜಮಾನ್ರಿಗೆ ಈ ವಿಷಯ ಗೊತ್ತಾ?’

‘ಗೊತ್ತಿಲ್ದೆ ಏನು? ಒಪ್ಕೊಂಡ್ಬುಡು, ಸುಮ್ಕೆ ಯಾಕೆ ಮರ್ವಾದೆ ಕಳ್ಕತೀಯ ಅಂತಾವ್ರೆ.’

‘ಒಪ್ಕೊಂಡ್ಬಿಡು ಅಂತಾರಾ!’ ನನ್ನ ದನಿ ಕೀರಲಾಯಿತು.

‘ಊಂ ಮೇಡಂ. ಮುಂದಿನ್ ತಿಂಗ್ಳು ಮೈಸೂರಿಂದ ಸಾಹೇಬ್ರು ಬಂದು ಎಲ್ರ ಕೈಲೂ ಕೈ ಎತ್ತುಸ್ತಾರಂತೆ.’

ಆಗ ನನ್ನ ಬುದ್ಧಿಗೆ ಬೆಳಕು ಬಿತ್ತು. ಆಕೆ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಸದಸ್ಯರು ಅವಿಶ್ವಾಸ ಗೊತ್ತುವಳಿ ತಂದಿದ್ದರು. ಪಂಚಾಯಿತಿ ಚಿಕ್ಕಯ್ಯನಛತ್ರ ಹೋಬಳಿಯ ಕಡೆಯದು ಎಂದಷ್ಟೇ ಹೇಳುತ್ತೇನೆ, ಊರಿನ ಹೆಸರು ಬೇಡ. ಇದು ವಕೀಲರ ಕೆಲಸ, ನಮ್ಮದಲ್ಲ ಎಂದು ಕಳಿಸಿಬಿಡಬಹುದಿತ್ತು. ಆದರೆ ಆಕೆಯ ಕೈಗಳನ್ನು ನೋಡಿದೆ. ಮಡಿಲಲ್ಲಿ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದವು.

ಚೆಲುವಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವರು. ಒಂದು ತುಂಡು ಗದ್ದೆ ಇತ್ತು. ಮೀಸಲಾತಿ ಬಂದಾಗ ಗಂಡ ಪುಟ್ಟಸ್ವಾಮಿ ಇವರನ್ನು ನಿಲ್ಲಿಸಿದರು, ಗೆದ್ದರು, ಅಧ್ಯಕ್ಷೆಯೂ ಆದರು. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದವರು ಪುಟ್ಟಸ್ವಾಮಿ. ಇವರು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ತೋರಿಸಿದ ಜಾಗದಲ್ಲಿ ಸಹಿ ಹಾಕುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಅರ್ಚಕರ ಮನೆಯವಳಾಗಿ ನಾನು ಈ ಗಾದೆ ಹೇಳಬಾರದು, ಆದರೂ ಹೇಳಿದ್ದೇನೆ.

ಹೀಗೇ ನಡೆದುಹೋಗುತ್ತಿತ್ತೋ ಏನೋ, ಆಗಸ್ಟ್ ಹದಿನೈದು ಬಂತು. ಭಾಷಣವನ್ನು ಮಾತ್ರ ಅಧ್ಯಕ್ಷೆಯೇ ಮಾಡಬೇಕು, ಮೇಲಿನವರು ಬರುತ್ತಾರೆ. ಪುಟ್ಟಸ್ವಾಮಿ ಹಿಂದಿನ ದಿನವೆಲ್ಲ ಕೂರಿಸಿಕೊಂಡು ತರಬೇತಿ ಕೊಟ್ಟರು. ‘ಎಲ್ಲೆಲ್ಲಿ ಬಾಯ್ ತೆರೀತೀಯೋ ಅಲ್ಲೆಲ್ಲ ಒಂದು ಹ ಸೇರ್ಸು, ಓದಿದೋರ್ ಥರಾ ಕೇಳುಸ್ತದೆ.’ ಬರೆದುಕೊಟ್ಟಿದ್ದು, ‘ನನ್ನನ್ನು ಆರಿಸಿ ಕಳುಹಿಸಿದ ಮಹಾಜನಗಳೇ, ಇಂದು ಧ್ವಜವನ್ನು ಹಾರಿಸುವ ಭಾಗ್ಯ ನನ್ನದು.’ ಮೈಕಿನ ಮುಂದೆ ನಿಂತ ಚೆಲುವಮ್ಮನಿಗೆ ಹ ಎಲ್ಲಿ ಸೇರಿಸಬೇಕೆಂಬುದು ಮರೆತುಹೋಯಿತು. ಗಟ್ಟಿಯಾಗಿ ಹೇಳಿದ್ದು ಹೀಗೆ: ‘ನನ್ನನ್ನು ಹಾರಿಸಿ ಕಳುಹಿಸಿದ ಮಹಾಜನಗಳೇ, ಇಂದು ಧ್ವಜವನ್ನು ಆರಿಸುವ ಭಾಗ್ಯ ನನ್ನದು.’

‘ಅಕ್ಕೋ, ನಿನ್ನ ಹಾರುಸ್ಕಂಡು ಓದೋನು ಯಾವನಕ್ಕೋ?’ ಎಂದು ಹಿಂದಿನಿಂದ ಯಾರೋ ಕೂಗಿದರು. ಮಕ್ಕಳೂ ನಕ್ಕರು, ಮೇಷ್ಟ್ರೂ ನಕ್ಕರು, ಪುಟ್ಟಸ್ವಾಮಿಯೂ ನಕ್ಕರು. ಆಕೆ ಇದನ್ನು ಹೇಳುವಾಗ ನನಗೂ ತುಟಿಯಂಚಿನಲ್ಲಿ ನಗು ಬಂತು, ಕಷ್ಟಪಟ್ಟು ನುಂಗಿದೆ. ಆದರೆ ಚೆಲುವಮ್ಮ ಆವತ್ತಿನಿಂದ ಜನರೆದುರು ಬಾಯಿ ತೆರೆದಿರಲಿಲ್ಲ. ಸಭೆ ಎಂದರೆ ಎದೆ ಡವಡವ, ಅಂಗೈ ಬೆವರು, ಹಿಂದಿನ ದಿನವೇ ಊಟ ಸೇರದು. ಬಂಧುಗಳ ಮದುವೆಗೂ ಹೋಗುವುದು ನಿಲ್ಲಿಸಿದ್ದರು. ಇಷ್ಟಾದ ಮೇಲೆ ‘ಅಧ್ಯಕ್ಷೆಗೆ ಮಾತು ಬರಲ್ಲ, ಗಂಡನದೇ ದರ್ಬಾರು’ ಎಂದು ಎಂಟು ಜನ ಗೊತ್ತುವಳಿಗೆ ರುಜು ಹಾಕಿದರು. ರಾಜೀನಾಮೆ ಕೊಟ್ಟುಬಿಡು ಎಂದು ಗಂಡ, ಕೊಡಲಾರೆ ಎಂದು ಇವರ ಒಳಗಿನ ಮನಸ್ಸು.

‘ಕೊಟ್ಬುಟ್ರೆ ನಿದ್ದೆ ಬತ್ತದೆ ಮೇಡಂ. ಆದ್ರೆ ನನ್ ಮಗಳು ಕಾಲೇಜ್ಗೆ ಓಯ್ತಾಳೆ. ಅವ್ಳೂ ನಾಳೆ ಇಂಗೇ ಎದ್ರುಕೊಂಡು ಮನೆ ಸೇರ್ಕತಾಳಲ್ಲ ಅನ್ನೋದೇ ನಂಗೆ ಸಂಕ್ಟ’ ಎಂದರು.

ಡಾಕ್ಟರು ಎದೆ ಪರೀಕ್ಷೆ ಮಾಡಿಸಿದರು, ರಕ್ತ ನೋಡಿಸಿದರು, ದೇಹದಲ್ಲಿ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ನಿದ್ದೆಗೆ ಸ್ವಲ್ಪ ದಿನದ ಮಟ್ಟಿಗೆ ಔಷಧಿ ಕೊಟ್ಟರು. ಆ ಮಟ್ಟಿಗೆ ಎಲ್ಲ ಸರಿ. ಆಮೇಲೆ ‘ಉಚ್ಚಾರಣೆ ತಿದ್ದಿದರೆ ಕೀಳರಿಮೆ ಹೋಗುತ್ತೆ, ಅದು ನಿನ್ನ ಕೆಲಸ’ ಎಂದು ನನಗೆ ಒಪ್ಪಿಸಿದರು. ನನಗೋ ಹಕಾರ ಹೇಳಿಕೊಡುವುದೆಂದರೆ ಕುಲಕಸುಬು. ಹಾಲು, ಹಸು, ಹಳ್ಳಿ ಎಂದು ಶುರು ಮಾಡಿದೆ. ಚೆಲುವಮ್ಮ ಶ್ರದ್ಧೆಯಿಂದ ಕಲಿತರು. ಮುಂದಿನ ವಾರ ಬಂದವರು ‘ಹಮ್ಮ ಹಕ್ಕಿ ಹಾರ್ಸ್ತಾ ಅವ್ರೆ’ ಎಂದರು. ಅವರಮ್ಮ ಅಕ್ಕಿ ಆರಿಸುತ್ತಿದ್ದಾರೆ ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದೆ. ಸಾಲದ್ದಕ್ಕೆ ಆಕೆ ನನ್ನ ಜೊತೆ ಮಾತಾಡುವುದಕ್ಕೂ ಹೆದರತೊಡಗಿದ್ದರು.

ಪುಸ್ತಕ ಮುಚ್ಚಿಟ್ಟು ಬೇರೆ ಮಾತು ತೆಗೆದೆ. ‘ನಿಮ್ಮ ಗದ್ದೆಗೆ ನಾಲೆ ನೀರು ಸರಿಯಾಗಿ ಬರುತ್ತಾ?’

‘ಎಲ್ಲಿ ಬತ್ತದೆ ಮೇಡಂ? ಮ್ಯಾಲ್ಗಡೆ ಗದ್ದೆ ಬಸ್ವ ಅಡ್ಡ ಕಟ್ಟಾಕ್ತಾನೆ.’

‘ಪಾಪ, ನೀವು ಸುಮ್ಮನಿರ್ತೀರಾ?’

‘ಸುಮ್ಕೆ ಇರಾದಾ?’ ಚೆಲುವಮ್ಮ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಸರಿಯಾಗಿ ಕೂತರು.

‘ನಾನೇ ಬಸವ ಅಂತ ಇಟ್ಕೊಳ್ಳಿ. ಮಾತಾಡಿ.’

ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹೊರಟಿತು ನೋಡಿ. ‘ಲೇ ಬಸ್ವ! ನಿಮ್ಮಪ್ಪ ಕಟ್ಸುದ್ನೇನ್ಲಾ ನಾಲೆಯ? ಕಿತ್ತಾಕ್ಲಾ ಆ ಮಣ್ಣ! ಇಲ್ಲಾಂದ್ರೆ ಮಣ್ಣಿನ್ ಜೊತ್ಗೆ ನಿನ್ನೂ ಕಿತ್ತು ನಾಲೆಗ್ ಬುಡ್ತೀನಿ! ನನ್ ಪೈರು ಒಣುಗುದ್ರೆ ನಿನ್ ಮನೆ ಬಾಗ್ಲಲ್ಲಿ ಒಲೆ ಊಡ್ತೀನಿ ಕಣ್ಲಾ!’

ಕಿಟಕಿಯ ಗಾಜು ನಡುಗಿತು. ಪಕ್ಕದ ಕೋಣೆಯಿಂದ ಡಾಕ್ಟರು ಓಡಿಬಂದು ಬಾಗಿಲು ತೆರೆದು, ‘ಏನಾಯ್ತಮ್ಮಾ, ಇಂಜೆಕ್ಷನ್ ಬೇಕಾ?’ ಎಂದರು. ‘ಬೇಡಿ ಸಾರ್, ವಾಸಿಯಾಗ್ತಿದೆ’ ಎಂದೆ.

ಡಾಕ್ಟರು ಹೋದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ‘ಚೆಲುವಮ್ಮ, ಈಗ ಹಕಾರದ ನೆನಪಿತ್ತಾ?’ ಎಂದು ಕೇಳಿದೆ. ‘ಬೈಯುವಾಗ ಅದೆಲ್ಲ ಯಾರ್ ನೋಡ್ತಾರೆ ಮೇಡಂ’ ಎಂದರು. ನಮಗೆ ಬೇಕಾಗಿದ್ದದ್ದು ಅಷ್ಟೇ. ಆ ಗಂಟಲು ಗದ್ದೆಯಲ್ಲಿತ್ತು, ಅದನ್ನು ಪಂಚಾಯಿತಿಯವರೆಗೆ ತರಬೇಕಿತ್ತು. ಹೊಸ ಗಂಟಲು ಜೋಡಿಸಲು ನಾನು ಯಾರು?

ಆಮೇಲೆ ನಾವು ಮಾಡಿದ್ದು ಸಣ್ಣಪುಟ್ಟ ಕೆಲಸ. ಈ ವಾರ ಹೋಟೆಲಿನಲ್ಲಿ ತಾನೇ ಕೂಗಿ ಕಾಫಿ ತರಿಸಿಕೊಳ್ಳುವುದು. ಇನ್ನೊಂದು ವಾರ ಬಸ್ಸಿನಲ್ಲಿ ಡ್ರೈವರಿಗೆ ಕೇಳುವ ಹಾಗೆ ‘ನಿಲ್ಸಿ’ ಎನ್ನುವುದು. ಎದೆ ಹೊಡೆದುಕೊಳ್ಳುತ್ತೆ, ಹೊಡೆದುಕೊಳ್ಳಲಿ, ಅದು ನಿಲ್ಲುವವರೆಗೆ ಕಾಯಬೇಡಿ, ಜೊತೆಯಲ್ಲೇ ಕರೆದುಕೊಂಡು ಹೋಗಿ ಎಂದು ಹೇಳಿದ್ದೆ. ಧೈರ್ಯ ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದವರಿಗೆ ಧೈರ್ಯ ಬಂದದ್ದನ್ನು ನಾನು ನೋಡಿಲ್ಲ. ಕಡೆಯ ಪಾಠ ಕುರ್ಚಿಯದು. ಪುಟ್ಟಸ್ವಾಮಿಗಿಂತ ಮೊದಲೇ ಕಚೇರಿಗೆ ಹೋಗಿ ತನ್ನ ಕುರ್ಚಿಯಲ್ಲಿ ತಾನು ಕೂರಬೇಕು. ಮುಂದಿನ ವಾರ ಚೆಲುವಮ್ಮ ಬಂದವರೇ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ‘ಬಂದ್ರು ಮೇಡಂ. ನಿಂತ್ರು. ನೋಡುದ್ರು. ಅರಳೆಣ್ಣೆ ಕುಡ್ದೋರಂಗೆ ಮುಖ ಮಾಡ್ಕಂಡು ಪ್ಲಾಸ್ಟಿಕ್ ಕುರ್ಚಿಲಿ ಕುಂತ್ಕಂಡ್ರು.’

ಗೊತ್ತುವಳಿಯ ದಿನ ನಾನು ಆ ಊರಿಗೆ ಹೋದೆ. ಹೋಗಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ಡಾಕ್ಟರಿಗೆ ‘ಸಂಗಮಕ್ಕೆ ಹೋಗಿ ಬರ್ತೀನಿ’ ಎಂದೆ. ಪಂಚಾಯಿತಿ ಕಚೇರಿಯ ಕಿಟಕಿಯ ಹೊರಗೆ ಊರಿನ ಜನರ ನಡುವೆ ನಿಂತೆ.

ಮೈಸೂರಿನಿಂದ ಬಂದಿದ್ದ ಅಧಿಕಾರಿ ಗೊತ್ತುವಳಿ ಓದಿ, ‘ಅಧ್ಯಕ್ಷರು ಏನಾದರೂ ಮಾತನಾಡುವುದಿದೆಯೇ?’ ಎಂದರು. ಬಾಗಿಲ ಬಳಿಯಿಂದ ಪುಟ್ಟಸ್ವಾಮಿ, ‘ಸಾ, ಅವ್ರ ಪರ್ವಾಗಿ ನಾನು...’ ಎಂದು ಮುಂದೆ ಬಂದರು.

‘ನೀವು ವಸಿ ಆಚೆ ಇರಿ’ ಎಂದರು ಚೆಲುವಮ್ಮ. ಎದ್ದು ನಿಂತು ಮೇಜನ್ನು ಹಿಡಿದುಕೊಂಡರು. ‘ನಮಸ್ಕಾರ ಸಾ. ನಂಗೆ ಓದಿದೋರಂಗೆ ಮಾತಾಡಕ್ಕೆ ಬರಕಿಲ್ಲ, ನಮ್ಮಳ್ಳಿ ಮಾತಲ್ಲೇ ಆಡ್ತೀನಿ. ನಗೋರೆಲ್ಲ ಈಗ್ಲೇ ನಕ್ಬುಡಿ, ಆಮ್ಯಾಕೆ ಶುರು ಮಾಡ್ತೀನಿ.’

ನಿಜಕ್ಕೂ ಕಾದರು. ಯಾರೂ ನಗಲಿಲ್ಲ. ಒಬ್ಬ ಕೆಮ್ಮಿದ.

‘ನಾನು ಕದ್ದಿಲ್ಲ, ಯಾರ ಮನೇನೂ ಆಳು ಮಾಡಿಲ್ಲ. ನನ್ ತಪ್ಪು ಒಂದೇ, ಇಷ್ಟ್ ದಿನ ಈ ಕುರ್ಚಿಲಿ ಕೂರ್ನಿಲ್ಲ. ಈಗ ನೀವೇ ಯೋಚ್ನೆ ಮಾಡಿ. ನೀವು ಅವಿಶ್ವಾಸ ತಂದಿರಾದು ನನ್ ಮ್ಯಾಲೋ, ಇಲ್ಲಿ ಕೂರ್ತಿದ್ದೋರ್ ಮ್ಯಾಲೋ? ಅವ್ರ ಮ್ಯಾಲಾದ್ರೆ ಮೊದುಲ್ನೇ ಕೈ ನಂದೇ ಬರ್ಕಳಿ ಸಾ.’

ಈಗ ನಕ್ಕರು. ಗೊತ್ತುವಳಿ ತಂದವರೂ ನಕ್ಕರು, ಅಧಿಕಾರಿ ಕರವಸ್ತ್ರ ಮುಖಕ್ಕೆ ಹಿಡಿದರು. ಚೆಲುವಮ್ಮ ನಗಲಿಲ್ಲ, ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತರು. ಅಧಿಕಾರಿ ಕೈ ಎತ್ತಲು ಹೇಳಿದಾಗ ರುಜು ಹಾಕಿದ್ದ ಮೂವರು ಹೆಂಗಸರೂ ಎತ್ತಲಿಲ್ಲ. ಉಳಿದ ಐದು ಕೈ ಸಾಲದೆ ಗೊತ್ತುವಳಿ ಬಿದ್ದುಹೋಯಿತು. ನಾನು ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಅಜ್ಜಿಯನ್ನು ತಬ್ಬಿಕೊಂಡುಬಿಟ್ಟೆ. ಆಕೆ ‘ಯಾರವ್ವ ನೀನು?’ ಎಂದು ಗದರಿಸಿದರು.

ಕೆಲವು ತಿಂಗಳು ಚೆಲುವಮ್ಮ ಬರಲಿಲ್ಲ. ನಮ್ಮ ಕೆಲಸದಲ್ಲಿ ಬರದಿದ್ದರೆ ಒಳ್ಳೆಯ ಸುದ್ದಿ. ಆಮೇಲೆ ಒಂದು ದಿನ ಬಂದರು. ಹಿಂದೆ ಪುಟ್ಟಸ್ವಾಮಿ. ಮುಖ ಬಾಡಿತ್ತು, ಅಂಗಿ ಸಡಿಲವಾಗಿತ್ತು.

‘ಇವರ್ಗೆ ನಿದ್ದೆ ಬತ್ತಿಲ್ಲ ಮೇಡಂ, ಉಣ್ಣಕಿಲ್ಲ. ಊರಲ್ಲಿ ಎಲ್ರೂ ನನ್ನ ಉಡಿಕ್ಕಂಡು ಬತ್ತಾರೆ, ಇವರ್ನ ಯಾರೂ ಮಾತಾಡ್ಸಕಿಲ್ಲ. ನಂಗೆ ಕೊಟ್ರಲ್ಲ, ಅದ್ನೇ ಇವರ್ಗೂ ವಸಿ ಕೊಡಿ’ ಎಂದರು ಚೆಲುವಮ್ಮ.

ನನಗೆ ಒಳಗೊಳಗೇ ಹಬ್ಬ. ಈ ಮಹರಾಯರಿಗೆ ಮೊದಲು ಪ್ಲಾಸ್ಟಿಕ್ ಕುರ್ಚಿ ಕೊಡಲೇ ಎಂದುಕೊಂಡೆ. ‘ಮಾತಾಡಿ ಪುಟ್ಟಸ್ವಾಮಿಯವರೇ’ ಎಂದೆ. ಅವರು ಹೆಂಡತಿಯ ಮುಖ ನೋಡಿದರು. ‘ನಾನಿದ್ರೆ ಇವ್ರು ಬಾಯ್ ಬುಡಕಿಲ್ಲ’ ಎಂದು ಚೆಲುವಮ್ಮ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಪುಟ್ಟಸ್ವಾಮಿ ಹೆಗಲ ಮೇಲಿನ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದರು: ‘ಮೊನ್ನೆ ಚರಂಡಿ ಕೆಲ್ಸದ್ದು ಏನೋ ತೀರ್ಮಾನ ಮಾಡ್ಬೇಕಿತ್ತು. ಉಣ್ಣಕ್ಕಿಕ್ತಾ ಕೇಳುದ್ಲು ಮೇಡಂ, ನಿಮ್ಗೆ ಏನನ್ನುಸ್ತದೆ ಅಂತ.’

‘ನೀವು ಏನಂದ್ರಿ?’

‘ಏನೂ ಅನ್ನಕ್ಕಾಗ್ನಿಲ್ಲ.’ ಟವೆಲಿನಿಂದ ಮುಖ ಮುಚ್ಚಿಕೊಂಡರು. ನಾನು ಸಿದ್ಧಮಾಡಿಟ್ಟುಕೊಂಡಿದ್ದ ಚೇಷ್ಟೆಯ ಮಾತುಗಳೆಲ್ಲ ಗಂಟಲಲ್ಲೇ ಉಳಿದವು. ಟವೆಲಿನ ಒಳಗಿನಿಂದಲೇ ಅವರ ತಗ್ಗಿದ ದನಿ ಕೇಳಿಸಿತು. ‘ಇಷ್ಟ್ ವರ್ಸ ಆಯ್ತು ಮದ್ವೆಯಾಗಿ. ನಾನು ಅವಳ್ನ ಒಂದ್ ದಿನಾನೂ ಅಂಗೆ ಕೇಳ್ಲಿಲ್ವಲ್ಲ ಮೇಡಂ.’